ಗಡಿಯಾರಕ್ಕೆ ಬೆನ್ನು ಹಾಕಿದವಳಿಗೆ

ನನ್ನ ಹಠಮಾರಿ ಅಕ್ಕನಿಗೆ,

ಮನೆ ಸಮಾಚಾರ ಮಾತ್ರ ಬರೆಯಬೇಕು, ಒಂದು ಹಾಳೆ ಮೀರಬಾರದು ಎಂದು ನಿನ್ನನ್ನು ಇಟ್ಟುಕೊಂಡಿರುವ ಕಚೇರಿಯ ಕನ್ನಡಕದ ಸಾಹೇಬರು ಹೇಳಿದ್ದರು. ಹಾಗೇ ಬರೆದು ಕೊಟ್ಟೆ. ಅಮ್ಮನ ಮೊಣಕಾಲು ನೋವು ಕಡಿಮೆಯಾಗಿದೆ, ಅಪ್ಪ ಡಿಪೋಗೆ ಹೋಗಿಬರುತ್ತಿದ್ದಾರೆ, ನಿನ್ನ ಸ್ಟುಡಿಯೋದ ಮಾಲೀಕರು ನಿನ್ನ ಸ್ಟೂಲಿನ ಮೇಲೆ ತಮ್ಮ ಅಳಿಯನನ್ನು ಕೂರಿಸಿದ್ದಾರೆ, ಅವನು ತೆಗೆದ ಫೋಟೋಗಳಲ್ಲಿ ಎಲ್ಲರೂ ಕಣ್ಣು ಮುಚ್ಚಿಕೊಂಡಿದ್ದಾರಂತೆ. ಸಾಹೇಬರು ಎರಡು ಸಲ ಓದಿದರು. ‘ಎಲ್ಲರೂ ಕಣ್ಣು ಮುಚ್ಕೊಂಡಿದಾರೆ ಅಂದ್ರೆ ಏನಮ್ಮ ಅರ್ಥ?’ ಎಂದು ಕೇಳಿದರು. ಕಣ್ಣು ಮುಚ್ಚಿಕೊಂಡಿದ್ದಾರೆ ಅಂತಲೇ ಅರ್ಥ ಸರ್ ಎಂದೆ. ಪೆನ್ನು ತೆಗೆದು ಆ ಸಾಲನ್ನು ಹೊಡೆದುಹಾಕಿದರು. ನಿನ್ನ ಕೈಗೆ ಬಂದ ಹಾಳೆಯಲ್ಲಿ ಒಂದು ಸಾಲು ಕಪ್ಪಾಗಿದ್ದರೆ ಗಾಬರಿಯಾಗಬೇಡ, ಅದರ ಕೆಳಗೆ ಸಿಕ್ಕಿಬಿದ್ದಿರುವುದು ಮಾಲೀಕರ ಅಳಿಯ.

ಇದು ಆ ಹಾಳೆಯಲ್ಲಿ ಹಿಡಿಸದೆ ಉಳಿದದ್ದು. ಇದನ್ನು ಅವರಿಗೆ ಕೊಡುವುದಿಲ್ಲ. ನೀನು ಹೊರಗೆ ಬಂದ ದಿನ ನಿನ್ನ ಕೈಗೇ ಕೊಡುತ್ತೇನೆ. ಲಾಡ್ಜಿನ ಕಿಟಕಿಯ ಪಕ್ಕ, ನೀನು ಕೂತು ಲೆನ್ಸ್ ಒರೆಸುತ್ತಿದ್ದ ಅದೇ ಮೇಜಿನ ಮೇಲೆ ಬರೆಯುತ್ತಿದ್ದೇನೆ. ನಿನ್ನ ಟವೆಲ್ ಕುರ್ಚಿಯ ಬೆನ್ನಿಗೆ ಒಣಗಿ ಗರಿಗರಿಯಾಗಿದೆ. ಕಸ ಗುಡಿಸುವವರು ನಿನ್ನ ಹಾಸಿಗೆಯ ಹೊದಿಕೆ ಬದಲಿಸಲು ಬಂದಿದ್ದರು, ಬೇಡ ಅಂದೆ.

ನಿನಗೆ ಗೊತ್ತಿರುವುದನ್ನೂ ಸೇರಿಸಿ ಮೊದಲಿನಿಂದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಆ ಕಚೇರಿಯ ಮೇಜಿನ ಮುಂದೆ ನಮ್ಮ ಕಥೆಯನ್ನು ಎಷ್ಟು ಸಲ ಹೇಳಿದ್ದೇನೆ ಎಂದರೆ, ಈಗ ನನ್ನ ಕಿವಿಗೇ ಅದು ಕಟ್ಟುಕಥೆಯ ಹಾಗೆ ಕೇಳಿಸುತ್ತದೆ. ನಿನ್ನ ಮುಂದೆ ಒಂದು ಸಲ ಹೇಳಿಬಿಟ್ಟರೆ ಮತ್ತೆ ನಿಜವಾದೀತೇನೋ.

ನೀವಿಬ್ಬರೂ ಯಾರು ಎಂದು ಅವರು ಮೊದಲ ದಿನ ಕೇಳಿದರು. ನನ್ನ ಅಕ್ಕ ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆಯುವವಳು ಸರ್ ಎಂದೆ. ಹೌದು, ಸರ್ ಎಂದೆ. ಭೂಮಿಯ ಮೇಲೆ ಯಾರನ್ನೂ ಸರ್ ಅನ್ನುವುದಿಲ್ಲ ಎಂದು ಪ್ರೆಸ್ಸಿನ ಮಾಲೀಕರ ಮುಖಕ್ಕೇ ಹೇಳಿದ್ದ ನಿನ್ನ ತಂಗಿಯ ಬಾಯಿಂದ ಈಗ ವಾಕ್ಯಕ್ಕೆರಡು ಸರ್ ಉದುರುತ್ತವೆ. ಅಕ್ಕ ವರ್ಷವೆಲ್ಲ ಬಿಳಿ ಪರದೆಯ ಮುಂದೆ ಜನರನ್ನು ಕೂರಿಸಿ ‘ಗದ್ದ ಸ್ವಲ್ಪ ಕೆಳಗೆ, ಎರಡೂ ಕಿವಿ ಕಾಣ್ಲಿ, ನಗ್ಬೇಡಿ, ಅಲುಗಾಡ್ಬೇಡಿ’ ಅನ್ನುತ್ತಾಳೆ. ರಜೆ ಸಿಕ್ಕಿದರೆ ಗೊತ್ತಿಲ್ಲದ ಊರಿಗೆ ಹೋಗಿ, ನಗುವವರನ್ನೂ ಅಲುಗಾಡುವವರನ್ನೂ ಹುಡುಕಿಕೊಂಡು ಬೀದಿ ಸುತ್ತುತ್ತಾಳೆ ಎಂದೆ. ಅವರು ಬರೆದುಕೊಂಡರು. ನೀನೇನು ಮಾಡೋದು ಎಂದರು. ಪ್ರೆಸ್ಸಿನಲ್ಲಿ ಹಾಳೆ ಮಡಿಸುತ್ತೇನೆ ಎಂದೆ. ಎಂಥ ಹಾಳೆ ಎಂದರು. ಕರಪತ್ರ ಎಂದೆ. ಅದನ್ನೂ ಬರೆದುಕೊಂಡು ಕೆಳಗೊಂದು ಗೆರೆ ಎಳೆದರು.

ನನ್ನ ಓದೆಲ್ಲ ಆ ಮಡಿಸುವ ಮೇಜಿನದು ಎಂದು ನೀನು ಆಡಿಕೊಳ್ಳುತ್ತಿದ್ದೆ. ಕಾಲೇಜಿಗೆ ಹೋದವರು ಪುಸ್ತಕ ಓದಿದರೆ ನಾನು ಮಡಿಸುತ್ತ ಮಡಿಸುತ್ತ ಓದಿದೆ. ಕೂಲಿಯವರ ಹಕ್ಕು, ಹೆಂಗಸರ ಹಕ್ಕು, ನೀರಿನ ಹಕ್ಕು, ಬೀದಿಯ ಹಕ್ಕು. ಆದರೆ ಮಡಿಸದ ಹಾಳೆಯಲ್ಲಿ ಒಂದನೇ ಪುಟದ ಪಕ್ಕದಲ್ಲೇ ಕೊನೆಯ, ಎಂಟನೇ ಪುಟ ಅಚ್ಚಾಗಿರುತ್ತದೆ. ‘ನಿನಗೆ ಅನ್ಯಾಯ ಎಲ್ಲಿ ಶುರುವಾಯ್ತು ಅನ್ನೋದು ಗೊತ್ತು, ಗೆದ್ದ ದಿನದ ಮೆರವಣಿಗೆ ಹೇಗಿರುತ್ತೆ ಅನ್ನೋದೂ ಗೊತ್ತು. ಮಧ್ಯೆ ಏನ್ಮಾಡ್ಬೇಕು ಅನ್ನೋದು ಒಳಗಿನ ಪುಟದಲ್ಲಿತ್ತು ಕಣೇ, ಅದನ್ನ ನೀನು ಓದೇ ಇಲ್ಲ’ ಅನ್ನುತ್ತಿದ್ದೆ ನೀನು. ಆಮೇಲಿಂದಲೇ ನನ್ನ ಹೆಸರು ಹೋಗಿ ಮನೆಯಲ್ಲಿ ಕರಪತ್ರ ಎಂಬ ಹೆಸರು ನಿಂತದ್ದು. ಅಮ್ಮನೂ ಈಗ ‘ಏ ಕರಪತ್ರ, ಒಲೆ ಆರಿಸು’ ಅನ್ನುತ್ತಾಳೆ.

ನಿನ್ನ ಜೊತೆ ಮೊದಲ ಸಲ ಬೇರೆ ಊರಿಗೆ ಬಂದಾಗ ನಾನು ಜಗಳವಾಡಿದ್ದೆ, ನೆನಪಿದೆಯಾ? ಅದು ನದಿಯ ಮೇಲೆ ದೊಡ್ಡ ಕಮಾನಿನ ಸೇತುವೆ ಇದ್ದ ಊರು. ಬಸ್ಸಿನಿಂದ ಇಳಿದವರೆಲ್ಲ ಸೇತುವೆಯ ಕಡೆ ಮುಖ ಮಾಡಿ ಫೋನು ಎತ್ತಿದರು. ನೀನು ನೇರ ಅದರ ಬುಡಕ್ಕೆ ಹೋಗಿ ಹಿಂದಕ್ಕೆ ತಿರುಗಿ ನಿಂತೆ. ಇಷ್ಟು ದೂರ ಬಂದು ಇದೇನು ಎಂದೆ. ‘ಸೇತುವೇನ ಎಲ್ರೂ ನೋಡ್ತಾರೆ. ಸೇತುವೆ ದಿನಾ ಏನು ನೋಡ್ತಾ ನಿಂತಿರುತ್ತೆ ಅಂತ ಯಾರಾದ್ರೂ ನೋಡಿದಾರಾ?’ ಎಂದೆ ನೀನು. ಸೇತುವೆ ನೋಡುತ್ತಿದ್ದದ್ದು ಒಂದು ಬೇಕರಿಯನ್ನು. ಬೇಕರಿಯವನ ಎರಡೂ ಕೈಗೆ ಹಿಟ್ಟು ಮೆತ್ತಿತ್ತು, ಫೋನು ಹೊಡೆದುಕೊಳ್ಳುತ್ತಿತ್ತು, ಅವನು ಬಗ್ಗಿ ಮೂಗಿನಿಂದ ಅದನ್ನು ಒತ್ತುತ್ತಿದ್ದ. ನೀನು ತೆಗೆದೆ. ನನಗೆ ಅವತ್ತು ತಲೆಯಲ್ಲಿ ದೀಪ ಹತ್ತಿದ ಹಾಗಾಯಿತು. ಕಟ್ಟಿಸಿದವರ ಹೆಸರು ಕಲ್ಲಿನ ಮೇಲಿದೆ, ಹಿಟ್ಟು ಕಲಸುವವನ ಹೆಸರು ಎಲ್ಲೂ ಇಲ್ಲ ಎಂದು ವಾಪಸು ಬರುವ ಬಸ್ಸಿನಲ್ಲಿ ಒಂದೇ ಸಮ ಮಾತಾಡಿದೆ. ನೀನು ಕಿಟಕಿಗೆ ತಲೆಯಿಟ್ಟು ‘ಆಯ್ತು ತಾಯಿ, ನನಗೆ ಅವನ ಮೂಗು ಇಷ್ಟ ಆಯ್ತು ಅಷ್ಟೇ’ ಎಂದು ನಿದ್ದೆ ಹೋದೆ.

ಅಮ್ಮನಿಗೆ ಮಾತ್ರ ನಿನ್ನ ಫೋಟೋಗಳು ಯಾವತ್ತೂ ಹಿಡಿಸಲಿಲ್ಲ. ‘ಅಷ್ಟು ದೂರ ಹೋಗಿ ಇನ್ನೊಬ್ಬರ ಮನೆ ಬಟ್ಟೆ ಒಣಗಿರೋದನ್ನ ತೆಗ್ದುಕೊಂಡು ಬಂದಿದೀಯಾ? ನಮ್ಮನೆ ತಂತಿ ಮೇಲೇ ಇತ್ತಲ್ಲೇ, ಕರೆದಿದ್ರೆ ನಾನೇ ತೋರಿಸ್ತಿದ್ದೆ’ ಅನ್ನುತ್ತಿದ್ದಳು. ಅವಳಿಗೆ ಬೇಕಾದದ್ದು ಒಂದೇ. ಹೆಸರಿರುವ ಯಾವುದಾದರೂ ಕಟ್ಟಡದ ಮುಂದೆ ಮಕ್ಕಳಿಬ್ಬರೂ ಹಲ್ಲು ಬಿಟ್ಟು ನಿಂತ ಫೋಟೋ, ಚೌಕಟ್ಟು ಹಾಕಿಸಿ ಮುಂದಿನ ಕೋಣೆಯಲ್ಲಿ ತೂಗುಹಾಕಲು. ಈ ಊರಿಗೆ ಹೊರಡುವ ದಿನವೂ ಹೇಳಿದಳು. ‘ಅಲ್ಲಿ ದೊಡ್ಡ ಗಡಿಯಾರದ ಗೋಪುರ ಇದೆಯಂತೆ. ಅದ್ರ ಮುಂದೆ ಒಂದು. ಒಂದೇ ಒಂದು. ನಾನು ಸತ್ತ ಮೇಲೆ ಬೇಕಾದ್ರೆ ತೆಗೆದಿಡಿ.’ ನೀನು ಹೂಂ ಎಂದೆ. ನಾನು, ಗೋಪುರ ಕಟ್ಟಿಸಿದವನು ಎಷ್ಟು ಜನರ ಬೆನ್ನು ಮುರಿದಿದ್ದಾನೆ ಗೊತ್ತಾ ಎಂದು ಶುರುಮಾಡಿದೆ. ಅಮ್ಮ ಅಡುಗೆಮನೆಗೆ ಎದ್ದುಹೋದಳು.

ಈ ಗಡಿಯಾರ ದಿನಾ ಏನು ನೋಡುತ್ತದೆ ಎಂದು ನಾವು ಬಂದ ಬೆಳಗ್ಗೆಯೇ ಹೋಗಿ ನಿಂತೆವು. ಎದುರಿಗೆ ಬೋರ್ಡಿಲ್ಲದ ಬೂದು ಬಣ್ಣದ ಕಟ್ಟಡ, ಉದ್ದಕ್ಕೂ ಒಂದೇ ಥರದ ಕಿಟಕಿಗಳು. ಯಾವುದೋ ಗೋದಾಮು ಎಂದುಕೊಂಡೆವು. ಗೇಟಿನಲ್ಲಿ ಕಾವಲಿನವರು ಪಾಳಿ ಬದಲಿಸುತ್ತಿದ್ದರು. ಚಳಿ ಇತ್ತು. ರಾತ್ರಿಯ ಕಾವಲಿನವನು, ಆ ದಪ್ಪ ಮೀಸೆಯವನು, ಮೈಮೇಲಿದ್ದ ಉದ್ದ ಕೋಟು ಬಿಚ್ಚಿ, ಆಗಷ್ಟೇ ಬಂದ ಎಳೆಯ ಕಾವಲಿನವನಿಗೆ ತಾನೇ ತೊಡಿಸಿ, ಮೇಲಿನ ಗುಂಡಿ ಹಾಕಿ, ಭುಜ ತಟ್ಟಿ, ತಾನು ಬರೀ ಅಂಗಿಯಲ್ಲಿ ಕೈ ಉಜ್ಜಿಕೊಳ್ಳುತ್ತ ಓಡಿದ. ಇಬ್ಬರಿಗೂ ಸೇರಿ ಇದ್ದದ್ದು ಒಂದೇ ಕೋಟು. ನೀನು ಕ್ಯಾಮೆರಾ ಎತ್ತುವಷ್ಟರಲ್ಲಿ ಅದು ಮುಗಿದುಹೋಗಿತ್ತು. ‘ಅಯ್ಯೋ, ಆ ಗುಂಡಿ ಹಾಕಿದ್ದು ನೋಡಿದ್ಯೇನೇ? ಅಮ್ಮ ಸ್ಕೂಲಿಗೆ ಕಳಿಸೋವಾಗ ಹಾಕ್ತಿದ್ಲಲ್ಲ, ಹಾಗೇ’ ಎಂದೆ ನೀನು. ಮಾರನೆಯ ಬೆಳಗ್ಗೆ ಮತ್ತೆ ಹೋದೆವು, ಮಂಜು ಕವಿದಿತ್ತು, ಫೋಟೋ ಮಸುಕಾಯಿತು. ಅದರ ಮಾರನೆಯ ಬೆಳಗ್ಗೆ ಬೆಳಕು ಚೆನ್ನಾಗಿತ್ತು. ಕಾಯುತ್ತ ನಿಂತಿರು, ಚಹಾ ತರುತ್ತೇನೆ ಎಂದು ನಾನು ಮೂಲೆಯ ಅಂಗಡಿಗೆ ಹೋದೆ.

ಎರಡು ಕೈಯಲ್ಲಿ ಎರಡು ಲೋಟ ಹಿಡಿದು ವಾಪಸು ಬಂದಾಗ ನೀನಿರಲಿಲ್ಲ. ಎಳೆಯ ಕಾವಲಿನವನು ಕೋಟಿನೊಳಗಿಂದ ಗದ್ದ ಎತ್ತಿ ಗೇಟಿನ ಕಡೆ ತೋರಿಸಿದ. ‘ಒಳಗೆ ಕರೆದ್ರು. ಐದು ನಿಮಿಷ ಅಂತೆ’ ಎಂದ. ಫುಟ್‌ಪಾತಿನ ಮೇಲೆ ನಿಂತೆ. ಚಹಾ ತಣ್ಣಗಾದ ಮೇಲೂ ನಿನ್ನ ಲೋಟ ಚೆಲ್ಲಲು ಮನಸ್ಸು ಬರಲಿಲ್ಲ. ಆ ಐದು ನಿಮಿಷ ಇನ್ನೂ ಮುಗಿದಿಲ್ಲ, ಅಕ್ಕ.

ಕಚೇರಿಯಲ್ಲಿ ಮೊದಲ ದಿನ ನಾನು ಚೆನ್ನಾಗಿ ಮಾತಾಡಿದೆ. ಬೀದಿ ಎಲ್ಲರದ್ದು, ಕಣ್ಣಿಗೆ ಕಂಡದ್ದನ್ನು ನೋಡುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ, ಗೋಪುರಗಳು ಆಳಿದವರ ನೆನಪು, ನಾವು ದುಡಿದವರ ನೆನಪು ಕೂಡಿಡುತ್ತೇವೆ ಎಂದೆ. ಕನ್ನಡಕದ ಸಾಹೇಬರು ಕೂಗಾಡಲಿಲ್ಲ. ಕನ್ನಡಕಕ್ಕೆ ಕಟ್ಟಿದ ದಾರವನ್ನು ಬೆರಳಿಗೆ ಸುತ್ತುತ್ತ, ‘ಸ್ವಲ್ಪ ನಿಧಾನ ಹೇಳಮ್ಮ, ಆಳಿದವರ… ಏನಂದೆ?’ ಎಂದು ಪೂರ್ತಿ ಬರೆದುಕೊಂಡರು. ಅಷ್ಟು ವರ್ಷ ಯಾರಾದರೂ ನನ್ನ ಮಾತು ಬರೆದುಕೊಳ್ಳಲಿ ಎಂದು ಕಾದಿದ್ದೆ ನೋಡು.

ಮರುದಿನ ನಿನ್ನ ಕ್ಯಾಮೆರಾದಲ್ಲಿದ್ದ ಫೋಟೋಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿ ಒಂದೊಂದಾಗಿ ತೋರಿಸಿದರು. ಅಷ್ಟು ಊರುಗಳ ನಿನ್ನ ನಡಿಗೆಯೆಲ್ಲ ಆ ಪರದೆಯ ಮೇಲೆ ಸರಿಯುತ್ತ ಹೋಯಿತು. ಇಸ್ತ್ರಿ ಅಂಗಡಿಯ ಹೆಂಗಸು ಬಿಸಿ ಬಟ್ಟೆಯ ಗಂಟಿಗೆ ಕೆನ್ನೆ ಒತ್ತಿ ನಿಂತಿದ್ದಾಳೆ. ಗಂಡ ಹೆಂಡತಿಗೆ ಸೈಕಲ್ ಕಲಿಸುತ್ತಿದ್ದಾನೆ, ಹೆಂಡತಿ ಆಗಲೇ ಬೀದಿಯ ತುದಿ ಮುಟ್ಟಿದ್ದಾಳೆ, ಅವನ ಕೈ ಇನ್ನೂ ಸೀಟು ಹಿಡಿದ ಹಾಗೇ ಗಾಳಿಯಲ್ಲಿದೆ. ಬೇಕರಿಯವನ ಮೂಗು ಬಂದಾಗ ಸಾಹೇಬರ ತುಟಿಯ ಮೂಲೆ ಸ್ವಲ್ಪ ಎದ್ದಿತು. ನಗಲಿ ದೇವರೇ, ಒಂದು ಸಲ ನಕ್ಕುಬಿಟ್ಟರೆ ಎಲ್ಲ ಮುಗಿಯುತ್ತದೆ ಎಂದುಕೊಂಡೆ. ಅವರು ಕೆಮ್ಮಿ ಮುಂದಿನದಕ್ಕೆ ಹೋದರು. ಮುಂದಿನದು ಒಂದು ಬಾಗಿಲು. ಅದರ ಮುಂದಿನದು ಮೆಟ್ಟಿಲು. ಆಮೇಲೆ ಗೋಪುರದ ಬುಡದಿಂದ ಕಾಣುವ ನಾಲ್ಕೂ ದಿಕ್ಕು. ಕೊನೆಗೆ ಅವರ ಗೇಟು, ಪಾಳಿ ಬದಲಾಗುವ ಹೊತ್ತು, ಬೇರೆಬೇರೆ ಬೆಳಗ್ಗೆ.

‘ತಂಗಿ, ಈ ಊರಿಗೆ ಬಂದವರು ಗಡಿಯಾರ ತೆಗೀತಾರೆ’ ಎಂದರು ಸಾಹೇಬರು. ‘ನಿಮ್ಮಕ್ಕ ಅದರ ಬುಡದಲ್ಲೇ ನಿಂತು, ಅದೊಂದನ್ನ ಬಿಟ್ಟು ಮಿಕ್ಕಿದ್ದೆಲ್ಲ ತೆಗೆದಿದಾರೆ. ನಮ್ಮ ಕಾವಲಿನವರು ಯಾವಾಗ ಬದಲಾಗ್ತಾರೆ ಅಂತ ದಿನಾ ಬಂದು ಕಾದಿದಾರೆ. ನೀನು ಈ ಕುರ್ಚಿ ಮೇಲೆ ಕೂತಿದ್ರೆ ಏನಂದ್ಕೋತಿದ್ದೆ, ಹೇಳು.’

ಅವರ ಕುರ್ಚಿಯಿಂದ ನೋಡಿದೆ ಅಕ್ಕ. ನಿಜವಾಗಿಯೂ ನೋಡಿದೆ. ಕೋಟಿಗಾಗಿ ಸರ್, ಅವರಿಬ್ಬರಿಗೂ ಒಂದೇ ಕೋಟು, ಅದನ್ನು ತೊಡಿಸುವುದು ನೋಡಲು ಚೆನ್ನಾಗಿತ್ತು ಎಂದೆ. ಸಾಹೇಬರು ದಪ್ಪ ಮೀಸೆಯವನನ್ನು ಕರೆಸಿದರು. ಅವನು ನನ್ನ ಕಡೆ ನೋಡದೆ ಗೋಡೆ ನೋಡಿಕೊಂಡು ಹೇಳಿದ. ‘ಇಲ್ಲ ಸಾಹೇಬ್ರೆ. ಕಚೇರಿಯಿಂದ ನಮಗೆ ಒಬ್ಬೊಬ್ರಿಗೂ ಒಂದೊಂದು ಕೋಟು ಕೊಟ್ಟಿದಾರೆ.’ ಹಾಗಾದರೆ ಫೋಟೋದಲ್ಲಿ ಇರುವುದೇನು ಎಂದು ಕೂಗಿಬಿಟ್ಟೆ. ‘ಅದು ಅವನು ಕೋಟು ಹಾಕ್ಕೊಳೋದು ಮರೆತಿದ್ದ ದಿನ’ ಎಂದ. ಎಲ್ಲ ದಿನವೂ? ಎಂದೆ. ಅವನ ಮೇಲೆ ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಕಚೇರಿಗೆ ಕೋಟು ಕೊಡುವ ಗತಿಯಿಲ್ಲ ಎಂದು ಆ ಮೇಜಿನ ಮುಂದೆ ನಿಂತು ಹೇಳಿದವನು ಮಾರನೆಯ ದಿನ ಎಲ್ಲಿರುತ್ತಾನೆ? ಯಾರ ಪರ ಹೋರಾಡಬೇಕೆಂದು ನಾನು ಇಷ್ಟು ದಿನ ಓದಿದ್ದೆನೋ ಅವನೇ ನಿನ್ನ ಬಾಗಿಲಿಗೆ ಬೀಗ ಹಾಕಿ ಹೋದ. ಇದಕ್ಕೆ ಏನು ಮಾಡಬೇಕು ಎಂದು ಯಾವ ಹಾಳೆಯಲ್ಲೂ ಇರಲಿಲ್ಲ.

ಆಗ ಸಾಹೇಬರು ಆ ಮಾತು ಹೇಳಿದರು. ಕನ್ನಡಕ ತೆಗೆದು, ಸ್ವಲ್ಪ ಮೆತ್ತಗೆ, ಮನೆಯವರ ಹಾಗೆ. ‘ಒಂದು ಕೆಲಸ ಮಾಡು. ಗಡಿಯಾರದ ಒಂದು ಫೋಟೋ ತೋರಿಸು. ನೀವಿಬ್ರೂ ಊರು ನೋಡೋಕೆ ಬಂದೋರು ಅನ್ನೋದಕ್ಕೆ. ಒಂದೇ ಒಂದು. ನಾನೂ ಬರೆದು ಮುಗಿಸ್ತೀನಿ.’

ಅಮ್ಮ ಕೇಳಿದ ಮಾತೇ ಅದು. ಅಕ್ಷರವೂ ಬದಲಿಲ್ಲ.

ಮತ್ತೆ ಮೊದಲಿಂದ ಎಲ್ಲ ಫೋಟೋ ನೋಡಿದೆವು, ಅವರೂ ನಾನೂ, ಪಕ್ಕಪಕ್ಕ ಕೂತು. ಗೋಪುರದ ನೆರಳು ಸಿಕ್ಕಿತು, ಒಬ್ಬ ಮುದುಕ ಆ ನೆರಳಿನಲ್ಲಿ ಕಡಲೆ ಬಿಡಿಸುತ್ತಿದ್ದ. ನೆರಳು ಸಾಲದು ಎಂದರು. ಇಬ್ಬರು ಆಳುಗಳು ದೊಡ್ಡ ಕನ್ನಡಿ ಹೊತ್ತು ಬೀದಿ ದಾಟುವ ಫೋಟೋ ಸಿಕ್ಕಿತು, ಕನ್ನಡಿಯೊಳಗೆ ಗಡಿಯಾರದ ಅರ್ಧ ಮುಖ! ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಸಾಹೇಬರು ಪರದೆಯ ಹತ್ತಿರ ಮೂಗು ತಂದು ನೋಡಿದರು. ಪಾಪ, ಅವರಿಗೂ ಬೇಕಿತ್ತು ಎಂದು ನನಗೆ ಅನ್ನಿಸಿತು. ‘ಇದು ಕನ್ನಡಿ ಫೋಟೋ ಕಣಮ್ಮ’ ಎಂದರು ಕೊನೆಗೆ. ‘ಗಡಿಯಾರ ಬಂದು ಬಿದ್ದಿದೆ ಅಷ್ಟೇ. ಮೇಲಿನವರು ಒಪ್ಪಲ್ಲ.’

ನಿನ್ನನ್ನು ನೋಡಲು ಬಿಟ್ಟದ್ದು ಅದಾದ ಮೇಲೆ. ನಡುವೆ ಮೇಜು, ಪಕ್ಕದಲ್ಲಿ ಒಬ್ಬರು ನಿಂತಿದ್ದರು. ನಾನು ಅಳಬಾರದು ಎಂದುಕೊಂಡು ಹೋಗಿದ್ದೆ. ನೀನು ಬಂದು ಕೂತು ಮೊದಲು ಕೇಳಿದ್ದು, ‘ಹೊರಗೆ ಬೆಳಕು ಹೇಗಿದ್ಯೇ?’ ಚೆನ್ನಾಗಿದೆ ಎಂದೆ. ‘ಇಲ್ಲಿನ ಗೋಡೆ ನಮ್ಮ ಸ್ಟುಡಿಯೋ ಪರದೆಗಿಂತ ಬಿಳಿ. ಇಲ್ಲೇ ಒಂದು ಅಂಗಡಿ ಹಾಕ್ಬಹುದು’ ಎಂದೆ ನೀನು. ಆಮೇಲೆ ಅವರು ನಿನ್ನ ಫೋಟೋ ತೆಗೆದದ್ದನ್ನು ನೀನೇ ಹೇಳಿದೆ. ‘ಎಷ್ಟು ಕೆಟ್ಟದಾಗಿ ತೆಗೀತಾರೆ ಅಂದ್ರೆ, ಅರ್ಧ ಮುಖ ಕತ್ತಲು. ನೋಡೋಕಾಗ್ಲಿಲ್ಲ. ನಾನೇ ಎದ್ದು ಲೈಟು ಸರಿಮಾಡಿ ಬಂದು ಕೂತೆ. ಗದ್ದ ಕೆಳಗೆ, ಎರಡೂ ಕಿವಿ ಕಾಣೋ ಹಾಗೆ.’ ಅದಕ್ಕೂ ‘ತರಬೇತಿ ಪಡೆದವಳು’ ಎಂದು ಬರೆದುಕೊಂಡರಂತೆ. ನೀನು ನಕ್ಕೆ, ನಾನೂ ನಕ್ಕೆ, ಪಕ್ಕದಲ್ಲಿ ನಿಂತವರು ನಗಬಾರದು ಎಂದರು. ‘ನಮ್ಮ ಸ್ಟುಡಿಯೋದಲ್ಲೂ ಇದೇ ನಿಯಮ’ ಎಂದೆ ನೀನು.

ಕಿಟಕಿ ಇದೆಯಾ ಎಂದು ನಾನು ಕೇಳಿದೆ. ‘ಇದೆ. ಏನು ಕಾಣುತ್ತೆ ಹೇಳು ನೋಡೋಣ? ಅದೇ. ಅದೊಂದೇ. ಕಣ್ಣು ಬಿಟ್ರೆ ಗಡಿಯಾರ.’ ಈ ಸಲ ನೀನು ನಕ್ಕದ್ದು ಕೆಮ್ಮಿನಲ್ಲಿ ಮುಗಿಯಿತು. ಎದ್ದು ಹೋಗುವಾಗ, ‘ನೀನು ಏನೂ ಮಾತಾಡ್ಬೇಡ ಕರಪತ್ರ. ನೀನು ಮಾತಾಡಿದಷ್ಟೂ ಅವರ ಕಾಗದ ದಪ್ಪ ಆಗುತ್ತೆ’ ಎಂದೆ. ನಿನ್ನ ಕುತ್ತಿಗೆಯಲ್ಲಿ ಕ್ಯಾಮೆರಾ ಪಟ್ಟಿಯ ಗುರುತು ಹಾಗೇ ಇತ್ತು. ಕೈ ಎದೆಯ ಹತ್ತಿರ ಹೋಗಿ ಅದನ್ನು ಹುಡುಕಿ ವಾಪಸು ಬರುತ್ತಿತ್ತು, ನಿನಗೆ ಗೊತ್ತಿಲ್ಲದ ಹಾಗೆ.

ಗೇಟಿನಿಂದ ಹೊರಗೆ ಬಂದವಳಿಗೆ ಗೋಪುರದ ಕೆಳಗೆ ಆ ಕೂಗು ಕೇಳಿಸಿತು. ‘ಬನ್ನಿ ಬನ್ನಿ, ಗಡಿಯಾರ ಅಂಗೈಲಿ ಹಿಡೀರಿ! ಮುಳ್ಳು ಬೆರಳಲ್ಲಿ ತಿರುಗಿಸಿ!’ ಬಂದವರನ್ನೆಲ್ಲ ಗೋಪುರದ ಮುಂದೆ ನಿಲ್ಲಿಸಿ, ಕೈ ಚಾಚಿಸಿ ಫೋಟೋ ತೆಗೆದು ಅಲ್ಲೇ ಮುದ್ರಿಸಿಕೊಡುವ, ಹಳದಿ ಟೋಪಿಯವನು. ನಾವು ಈ ಊರಿಗೆ ಬಂದ ದಿನ ನಾನು ಅವನ ಜೊತೆ ಜಗಳವಾಡಿ, ಮನುಷ್ಯರನ್ನು ಗೊಂಬೆ ಮಾಡುತ್ತೀರಿ ಎಂದು ಬೈದಿದ್ದೆ. ನೀನು ಅವನ ಫೋಟೋ ತೆಗೆದಿದ್ದೆ, ಅವನು ನೆಲಕ್ಕೆ ಅಂಗಾತ ಮಲಗಿ ಒಬ್ಬ ದಪ್ಪ ಗಂಡಸಿನ ತಲೆಯ ಮೇಲೆ ಗಡಿಯಾರ ಕೂರಿಸಲು ಒದ್ದಾಡುತ್ತಿದ್ದಾಗ. ಕೇಳದೆಯೂ ಎಲ್ಲರದ್ದೂ ತೆಗೆಯುತ್ತಾನೆ, ಬೇಕಾದವರು ಕೊಳ್ಳುತ್ತಾರೆ, ಮಿಕ್ಕಿದ್ದು ಹಲಗೆಯ ಮೇಲೆ ಸಿಕ್ಕಿಸಿರುತ್ತಾನೆ. ಅದು ಅವತ್ತು ನನಗೆ ಅಸಹ್ಯವಾಗಿತ್ತು. ಈಗ ಅದೇ ಹಲಗೆಯ ಮುಂದೆ ಮೊಣಕಾಲೂರಿ ಕೂತು ಒಂದೊಂದೇ ಮುಖ ನೋಡಿದೆ.

‘ಏನು ತಾಯಿ, ಗೊಂಬೆ ಬೇಕಾ?’ ಎಂದ. ವಿಷಯ ಹೇಳಿದೆ. ಅವನ ಮುಖ ಇಳಿಯಿತು. ಹಲಗೆಯ ಹಿಂದಿದ್ದ ಡಬ್ಬಿಯನ್ನು ನೆಲದ ಮೇಲೆ ಸುರಿದ. ‘ಇವು ಅನಾಥರು. ಯಾರೂ ತಗೊಂಡು ಹೋಗ್ದೆ ಇರೋರು’ ಎಂದು ಅವನೂ ಕುಕ್ಕರಗಾಲಲ್ಲಿ ಕೂತು ಹುಡುಕಿದ. ಸಿಕ್ಕಿದ್ದೂ ಅವನಿಗೇ.

ನಾವಿಬ್ಬರೂ ಇದ್ದೇವೆ ಅಕ್ಕ. ನಾನು ಎಡಗಡೆ, ಬಾಯಿ ತೆರೆದು ಕೈ ಎತ್ತಿ, ಅವನನ್ನೇ ಬೈಯುತ್ತಿದ್ದೇನೆ. ಬಲಗಡೆ ನೀನು, ಕಾಲು ಅಗಲಿಸಿ, ಕ್ಯಾಮೆರಾ ಕಣ್ಣಿಗಿಟ್ಟು ನಿಂತಿದ್ದೀಯ. ನಮ್ಮ ಹಿಂದೆ, ನಮ್ಮಿಬ್ಬರ ತಲೆಯ ನಡುವೆ ಸರಿಯಾಗಿ, ಬುಡದಿಂದ ತುದಿಯವರೆಗೆ ಗಡಿಯಾರದ ಗೋಪುರ. ಅಮ್ಮ ಕೇಳಿದ ಹಾಗೇ. ನಾವು ಬೆನ್ನು ಹಾಕಿದ್ದೇವಲ್ಲ ಎಂದು ಮೂರ್ಖಳ ಹಾಗೆ ಗೊಣಗಿದೆ. ಹಳದಿ ಟೋಪಿಯವನು ನನ್ನನ್ನು ನೋಡಿದ. ‘ಗಡಿಯಾರಕ್ಕೆ ಬೆನ್ನು ಹಾಕ್ದೆ ಇಲ್ಲಿ ಯಾರು ಫೋಟೋ ತೆಗೆಸ್ಕೋತಾರೆ ತಾಯಿ? ದಿನಾ ಊರಿಗೆ ಊರೇ ಬಂದು ಬೆನ್ನು ಹಾಕಿ ಹೋಗುತ್ತೆ. ನೀವೇನು ಹೊಸದು ಮಾಡಿದ್ರಿ?’

ಅವನ ಕೈ ಹಿಡಿದು ಕಣ್ಣಿಗೊತ್ತಿಕೊಂಡೆ. ಬೇಡ ಬೇಡ ಎಂದರೂ ಕೇಳದೆ ಅದರದೇ ಇನ್ನೊಂದು ಪ್ರತಿ ಮುದ್ರಿಸಿ ಕೊಟ್ಟ. ಒಂದನ್ನು ಮನೆಗೆ ಅಂಚೆಗೆ ಹಾಕಿದೆ, ಇನ್ನೊಂದನ್ನು ಎದೆಗೆ ಒತ್ತಿಕೊಂಡು ಗೇಟಿಗೆ ಓಡಿದೆ. ದಾರಿಯಲ್ಲಿ ನಾನು ಏನೇನು ಯೋಚಿಸಿದೆ ಗೊತ್ತಾ? ನೀನು ಸಂಜೆ ಬಂದವಳೇ ಸ್ನಾನಕ್ಕೆ ಹೋಗುತ್ತೀಯ, ಟವೆಲ್ ಗರಿಗರಿಯಾಗಿದೆ ಎಂದು ಬೈಯುತ್ತೀಯ, ಅದನ್ನು ಒಗೆದು ಹಾಕಬೇಕಿತ್ತು ಎಂದು.

ಸಾಹೇಬರು ಫೋಟೋ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. ಗೋಪುರ ನೋಡಿ ‘ಇದೆ’ ಎಂದರು. ಅವರ ಮುಖ ಅರಳಿತು, ಸುಳ್ಳಲ್ಲ, ನಾನು ಕಂಡೆ. ಆಮೇಲೆ ಕನ್ನಡಕ ಮೂಗಿನ ಮೇಲೆ ಇಳಿಸಿ ಹತ್ತಿರ ತಂದರು. ‘ಇವರು ನಿಮ್ಮಕ್ಕ?’ ಹೌದು ಸರ್. ‘ಮುಖ ಎಲ್ಲಿ?’

ಕ್ಯಾಮೆರಾ ಅಡ್ಡ ಇತ್ತು ಅಕ್ಕ. ಹಣೆಯಿಂದ ಗದ್ದದವರೆಗೆ ಕ್ಯಾಮೆರಾ, ಎರಡು ಕೈ. ಒಂದು ಕಿವಿಯೂ ಕಾಣುವುದಿಲ್ಲ.

ಅದು ಅವಳದೇ ಸ್ವೆಟರ್, ಅವಳದೇ ಬೂಟು, ನಿಲ್ಲುವ ರೀತಿ ನೋಡಿ ಸರ್, ಭೂಮಿಯಲ್ಲಿ ಯಾರೂ ಹಾಗೆ ಕಾಲು ಅಗಲಿಸಿ ನಿಲ್ಲುವುದಿಲ್ಲ ಎಂದೆಲ್ಲ ಹೇಳಿದೆ. ಈ ಸಲ ಅವರು ಏನೂ ಬರೆದುಕೊಳ್ಳಲಿಲ್ಲ. ‘ನಾನು ನಂಬ್ತೀನಿ ಕಣಮ್ಮ. ನಾನು ನಂಬಿದ್ರೆ ಸಾಕಾಗಲ್ಲ. ಮುಖ ಇಲ್ದೆ ಇರೋ ಫೋಟೋನ ನಾನು ಹೇಗೆ ಸೇರಿಸ್ಲಿ?’ ಎಂದರು. ಆದರೂ ಫೈಲಿಗೆ ಪಿನ್ನು ಮಾಡಿದರು. ಅದಾದ ಮೇಲೆ ಒಂದು ದಿನ ಹೋದಾಗ ಮೇಜಿನ ಮೇಲೆ ಫೈಲು ಇರಲಿಲ್ಲ. ಮೇಲಕ್ಕೆ ಹೋಗಿದೆ ಎಂದರು. ಮೇಲೆ ಅಂದರೆ ಎಲ್ಲಿ ಎಂದು ಕೇಳಿದೆ. ಅವರು ಚಾವಣಿಯ ಕಡೆ ನೋಡಿದರು, ನಾನೂ ನೋಡಿದೆ. ಫ್ಯಾನು ತಿರುಗುತ್ತಿತ್ತು. ಅವರಿಗೂ ಗೊತ್ತಿಲ್ಲ ಎಂದು ಆಗ ತಿಳಿಯಿತು. ಯಾರ ಮೇಲೆ ಸಿಟ್ಟಾಗಲಿ ಹೇಳು. ಅಷ್ಟು ಸಿಟ್ಟು ಕೂಡಿಟ್ಟುಕೊಂಡು ಬಂದಿದ್ದೇನೆ, ಹಾಕಲು ಜಾಗವಿಲ್ಲ.

ಇವತ್ತು ಅಮ್ಮ ಫೋನು ಮಾಡಿದ್ದಳು. ಅಪ್ಪನಿಗೆ ಮಾತ್ರ ನಿಜ ಹೇಳಿದ್ದೇನೆ. ಅಮ್ಮನಿಗೆ ನಿನ್ನ ಫೋನು ನೀರಿಗೆ ಬಿದ್ದಿದೆ, ಊರು ಚೆನ್ನಾಗಿದೆ, ಇನ್ನೂ ಸ್ವಲ್ಪ ದಿನ ಇರುತ್ತೇವೆ ಎಂದು ಅಪ್ಪನೇ ಹೇಳಿದ್ದಾರೆ. ಫೋಟೋ ತಲುಪಿದೆ. ಚೌಕಟ್ಟು ಹಾಕಿಸಿ, ಮುಂದಿನ ಕೋಣೆಯಲ್ಲಿ, ಬಾಗಿಲು ತೆಗೆದ ಕೂಡಲೇ ಕಾಣುವ ಹಾಗೆ ತೂಗುಹಾಕಿಸಿದ್ದಾಳೆ. ಮೊಳೆ ಹೊಡೆದದ್ದು ಅಪ್ಪ. ‘ಕೊನೆಗೂ ಬುದ್ಧಿ ಬಂತಲ್ಲ ನಿಮಗೆ’ ಎಂದಳು. ಪಕ್ಕದ ಮನೆಯವರನ್ನೆಲ್ಲ ಕರೆದು ತೋರಿಸಿದಳಂತೆ. ‘ಆದ್ರೆ ಅವಳ್ಯಾಕೇ ಆ ಡಬ್ಬಿ ಮುಖಕ್ಕೆ ಅಡ್ಡ ಹಿಡ್ಕೊಂಡಿದಾಳೆ? ನನ್ನ ಮಗಳ ಮುಖಾನೇ ಕಾಣ್ಸಲ್ವಲ್ಲೇ.’ ಫೋನಿನ ಹಿಂದೆ ಅಪ್ಪ ಉಸಿರು ಬಿಟ್ಟದ್ದು ಕೇಳಿಸಿತು. ಬರುವಾಗ ಮುಖ ಕಾಣುವ ಹಾಗೆ ಇನ್ನೊಂದು ತೆಗೆಸಿಕೊಂಡು ಬರುತ್ತೇವೆ ಅಮ್ಮ ಎಂದೆ. ‘ಹೂಂ, ಅವಳಿಗೆ ಫೋನು ಕೊಡು’ ಎಂದಳು. ಫೋಟೋ ತೆಗೆಯಲು ಹೋಗಿದ್ದಾಳೆ ಎಂದೆ. ‘ಏನು ತೆಗೀತಿದಾಳೆ?’ ಗಡಿಯಾರ ನೋಡುತ್ತಿದ್ದಾಳೆ ಎಂದೆ. ಅದೊಂದು ನಿಜ ಹೇಳಿದೆ.

ಒಳಗಿನ ಪುಟಗಳಲ್ಲಿ ಏನಿ‌ರುತ್ತದೆ ಎಂದು ಈಗ ನನಗೆ ಗೊತ್ತು ಅಕ್ಕ. ಬೆಂಚು ಇರುತ್ತದೆ. ನಾಳೆ ಬಾ ಎನ್ನುವವರು ಇರುತ್ತಾರೆ, ಅವರು ಕೆಟ್ಟವರೂ ಆಗಿರುವುದಿಲ್ಲ. ಕೋಟಿನೊಳಗಿಂದ ಪಿಸುಗುಟ್ಟಿ ‘ಅಕ್ಕ ಊಟ ಮಾಡ್ತಿದಾರಂತೆ, ನೀವು ಮಾಡಿ’ ಎಂದು ಹೇಳಿ ತಕ್ಷಣ ಎದೆಯುಬ್ಬಿಸಿ ನಿಲ್ಲುವ ಎಳೆಯ ಕಾವಲಿನವನು ಇರುತ್ತಾನೆ. ಘೋಷಣೆ ಒಂದೂ ಇರುವುದಿಲ್ಲ. ಇದು ಎಷ್ಟು ಪುಟ, ಮುಂದಿನ ಮಡಿಕೆ ಎಲ್ಲಿ ಬರುತ್ತದೆ, ನನಗೆ ಕಾಣುತ್ತಿಲ್ಲ. ಇಷ್ಟು ವರ್ಷ ಹಾಳೆ ಮಡಿಸಿದವಳಿಗೆ ಕಾಣುತ್ತಿಲ್ಲ.

ನಾನು ಮಾಡಬಹುದಾದದ್ದು ಒಂದೇ ಉಳಿದಿದೆ, ಅದನ್ನು ಮಾಡುತ್ತಿದ್ದೇನೆ. ದಿನಾ ಮಧ್ಯಾಹ್ನ ಬಿಸಿಲು ನಿಮ್ಮ ಕಟ್ಟಡದ ಮೇಲೆ ಬೀಳುವ ಹೊತ್ತಿಗೆ ಹೋಗಿ ಗೋಪುರದ ಬುಡದಲ್ಲಿ ನಿಲ್ಲುತ್ತೇನೆ. ಹಳದಿ ಟೋಪಿಯವನು ನನಗೆಂದು ಜಾಗ ಬಿಡಿಸುತ್ತಾನೆ. ಎಲ್ಲರ ಹಾಗೇ ಗಡಿಯಾರಕ್ಕೆ ಬೆನ್ನು ಹಾಕಿ, ಎದುರಿನ ಒಂದೇ ಥರದ ಕಿಟಕಿಗಳನ್ನು ಮೇಲಿಂದ ಕೆಳಗೆ, ಎಡದಿಂದ ಬಲಕ್ಕೆ ನೋಡುತ್ತೇನೆ. ನಿನ್ನದು ಯಾವುದೆಂದು ಗೊತ್ತಿಲ್ಲ, ಅದಕ್ಕೇ ಎಲ್ಲವನ್ನೂ ನೋಡುತ್ತೇನೆ. ಗದ್ದ ಸ್ವಲ್ಪ ಕೆಳಗೆ, ಎರಡೂ ಕಿವಿ ಕಾಣುವ ಹಾಗೆ, ಅಲುಗಾಡದೆ. ನಿನ್ನ ಕೈಯಲ್ಲಿ ಕ್ಯಾಮೆರಾ ಇಲ್ಲ, ಆದರೂ ನೀನು ತೆಗೆಯುತ್ತಿರುತ್ತೀಯ ಎಂದುಕೊಂಡು ನಿಲ್ಲುತ್ತೇನೆ.

ಪ್ರತಿ ಊರಿನಲ್ಲೂ ನೀನು ಕೇಳುತ್ತಿದ್ದೆಯಲ್ಲ, ಇದು ದಿನಾ ಏನು ನೋಡುತ್ತ ನಿಂತಿರುತ್ತದೆ ಎಂದು. ಈ ಊರಿನ ಗಡಿಯಾರ ನಿನ್ನನ್ನು ನೋಡುತ್ತ ನಿಂತಿದೆ, ಅಕ್ಕ. ಅದರ ಕೆಳಗೆ ನಾನಿದ್ದೇನೆ.

ಹರಸಲು ನಾನು ನಿನಗಿಂತ ಚಿಕ್ಕವಳು. ಆದರೂ ನಿನ್ನ ಕಿಟಕಿಗೆ ಬೆಳಕು ಚೆನ್ನಾಗಿ ಬೀಳಲಿ. ಬೇಗ ಬಾ, ಈಗಷ್ಟೇ ಎದ್ದು ನಿನ್ನ ಟವೆಲ್ ಒಗೆದು ಹಾಕಿದ್ದೇನೆ.

ಗೋಪುರದ ಬುಡದಿಂದ, ನಿನ್ನ ಕಡೆಗೇ ಮುಖ ಮಾಡಿಕೊಂಡು,
ನಿನ್ನ ಕರಪತ್ರ